ಕಲ್ಲುಹೂವಿನ ಬಾಬ್ತು

ಏಪ್ರಿಲ್ ೯

ಪೂಜ್ಯ ಅಕ್ಕನಿಗೆ ತಮ್ಮನ ನಮಸ್ಕಾರಗಳು.

ನಿನ್ನ ಮೊಣಕಾಲಿನ ನೋವು ಹೇಗಿದೆ? ಕೆಳಗಿನ ದರ್ಜಿಯ ಹೊಲಿಗೆಯಂತ್ರ ನಿನ್ನ ಬೆಳಗಿನ ಪ್ರಾರ್ಥನೆಗೆ ತಾಳ ಹಾಕುತ್ತದೆಂದು ಬರೆದಿದ್ದೆ. ಈಗಲಾದರೂ ಶ್ರುತಿ ತಾಳ ಎರಡೂ ಹೊಂದಿದವೋ?

ಈ ಸಲ ನಿನಗೆ ಸಂತೋಷವಾಗುವ ಸುದ್ದಿಯಿದೆ. ನನ್ನ ಸಂಶೋಧನೆಗೆ ನಿಧಿಸಂಸ್ಥೆಯವರು ಮೂರು ವರ್ಷದ ಮಟ್ಟಿಗೆ ಅನುದಾನ ಕೊಟ್ಟದ್ದು ನಿನಗೆ ತಿಳಿದಿದೆ. ಅದರಲ್ಲಿ ನಾನೇನು ಮಾಡುತ್ತೇನೆಂದು ನಾನು ವಿವರಿಸಿಲ್ಲ, ನೀನೂ ಕೇಳಿಲ್ಲ. ಹಳೆಯ ಗೋಡೆಗಳ ಮೇಲೆ ಬೂದು, ಹಸಿರು, ಕಿತ್ತಳೆ ಬಣ್ಣದ ಚಕ್ಕೆಗಳು ಬೆಳೆಯುತ್ತವಲ್ಲ, ಅವೇ ಕಲ್ಲುಹೂವುಗಳು. ಗಾಳಿ ಕೆಟ್ಟರೆ ಮೊದಲು ಸಾಯುವುವು ಅವು. ಗಾಳಿ ತಿಳಿಯಾದರೆ ಮೆಲ್ಲಗೆ ಮರಳುತ್ತವೆ. ನದಿಯಾಚೆಯ ಕಾರ್ಖಾನೆ ಮುಚ್ಚಿದ ಮೇಲೆ ಊರಿನ ಗೋಡೆಗಳಿಗೆ ಅವು ಹೇಗೆ ಮರಳುತ್ತಿವೆ ಎಂಬುದನ್ನು ತಿಂಗಳಿಗೊಮ್ಮೆ ಪಾರದರ್ಶಕ ಹಾಳೆಯ ಮೇಲೆ ಅಂಚು ಬರೆದು ಅಳೆಯುತ್ತೇವೆ. ಒಂದು ತಿಂಗಳು ತಪ್ಪಿದರೂ ಸರ ಹರಿದಂತೆ. ಮೂರು ವರ್ಷ ಪೂರ್ತಿಯಾಗದೆ ಯಾವ ತೀರ್ಮಾನಕ್ಕೂ ಬರಲಾಗದು.

ಅಂಚು ಬರೆಯುವವಳು ನನ್ನ ಸಹಾಯಕಿ. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದವಳು. ಏಣಿಯ ತುದಿಯಲ್ಲಿ ಗೋಡೆಗೆ ಕಚ್ಚಿಕೊಂಡು ನಿಲ್ಲುವುದರಿಂದ ವಿಭಾಗದವರೆಲ್ಲ ಅವಳನ್ನು ಹಲ್ಲಿ ಎನ್ನುತ್ತಾರೆ. ಅವಳಿಗೇನೂ ಬೇಸರವಿಲ್ಲ. "ಹಲ್ಲಿ ಲೊಚಗುಟ್ಟಿದ್ರೆ ಆಡಿದ ಮಾತು ನಿಜ ಆಗುತ್ತಂತೆ ಸಾರ್. ನಿಮ್ಮ ಲೇಖನಕ್ಕೆ ಒಳ್ಳೇದೇ ಬಿಡಿ," ಎನ್ನುತ್ತಾಳೆ.

ಸುದ್ದಿ ಏನೆಂದರೆ, ಎರಡನೆಯ ವರ್ಷದ ಲೆಕ್ಕ ಮುಗಿಯಿತು. ಓಡಾಟಕ್ಕೆಂದು ಕೊಟ್ಟ ಹಣದಲ್ಲಿ ನಾನು ಚಿಕ್ಕಾಸನ್ನೂ ಮುಟ್ಟಿಲ್ಲ. ಸೈಕಲ್ಲು, ಇಲ್ಲವೇ ಕಾಲು. ಏಣಿ ನಮ್ಮ ಮನೆಯದೇ. ಹಾಳೆಗಳನ್ನೂ ಕೊಳ್ಳಲಿಲ್ಲ. ಆಸ್ಪತ್ರೆಯವರು ಬಿಸಾಡುವ ಎಕ್ಸ್‌ರೇ ಹಾಳೆಗಳನ್ನು ತಂದು ಬಿಸಿನೀರಿನಲ್ಲಿ ತೊಳೆದು ಬಳಸಿದೆ. ಅರ್ಧ ತೊಳೆದ ಯಾರದೋ ಪಕ್ಕೆಲುಬುಗಳು ಬಚ್ಚಲಿನ ತಂತಿಯ ಮೇಲೆ ಒಣಗುತ್ತಿದ್ದುದನ್ನು ಕಂಡು ನನ್ನ ಮನೆಯಾಕೆ, "ಈ ಮನೆಗೆ ಇನ್ನು ನೆಂಟರನ್ನ ಕರೆಯೋ ಹಾಗಿಲ್ಲ," ಎಂದಳು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನೀನು ಹೇಳುತ್ತಿದ್ದೆ. ನಾನು ಹಾಸಿಗೆಯಿದ್ದೂ ಚಾಚಲಿಲ್ಲ. ಖರ್ಚಿನ ತಖ್ತೆಯನ್ನು ಕಳೆದ ವಾರವೇ ಕಳಿಸಿಬಿಟ್ಟೆ. ಓಡಾಟ ಸೊನ್ನೆ, ಸಾಮಗ್ರಿ ಸೊನ್ನೆಗೆ ಸಮೀಪ. ವಿಶ್ವವಿದ್ಯಾಲಯದ ಅನುದಾನ ಶಾಖೆಯಲ್ಲೇ ತಲೆ ಹಣ್ಣಾದ ನಿನ್ನಿಂದ ಒಂದು ಶಹಭಾಸ್ ಅನ್ನಿಸಿಕೊಳ್ಳೋಣವೆಂದು ಬರೆದಿದ್ದೇನೆ.

ನಿನ್ನ ಪ್ರೀತಿಯ
ತಮ್ಮ


ಏಪ್ರಿಲ್ ೧೮

ಚಿರಂಜೀವಿ ತಮ್ಮನಿಗೆ ಅನಂತ ಆಶೀರ್ವಾದಗಳು.

ಪರಮಾತ್ಮನ ಅನುಗ್ರಹದಿಂದ ನಾನು ಕ್ಷೇಮ. ಮೊಣಕಾಲು ತನ್ನ ವಯಸ್ಸನ್ನು ಮೆಟ್ಟಿಲುಗಳ ಮೇಲೆ ಮಾತ್ರ ಹೇಳಿಕೊಳ್ಳುತ್ತದೆ. ಉಳಿದ ಹೊತ್ತು ಸುಮ್ಮನಿರುತ್ತದೆ. ದರ್ಜಿಯ ಯಂತ್ರದೊಂದಿಗೆ ಒಪ್ಪಂದವಾಗಿದೆ: ನಾನು ದೀಪ ಹಚ್ಚಿ ಕೈಮುಗಿದು ಏಳುವವರೆಗೆ ಅವನು ಗುಂಡಿ ಹೊಲಿಯುತ್ತಾನೆ.

ನಿನ್ನ ಪತ್ರವನ್ನು ಮೊದಲು ಅಕ್ಕನಾಗಿ ಓದಿದೆ. ಪಕ್ಕೆಲುಬಿನ ಪ್ರಸಂಗಕ್ಕೆ ಒಬ್ಬಳೇ ನಕ್ಕೆ. ಅನಂತರ ಕನ್ನಡಕ ಒರೆಸಿಕೊಂಡು, ಅನುದಾನ ಶಾಖೆಯ ಮೇಜಿನ ಹಿಂದೆ ಕುಳಿತವಳಾಗಿ ಮತ್ತೊಮ್ಮೆ ಓದಿದೆ. ಶಹಭಾಸ್ ಎನ್ನಲು ಬಾಯಿ ಬರಲಿಲ್ಲ.

ತಖ್ತೆಯನ್ನು ಕಳಿಸುವ ಮುನ್ನ ನಿಮ್ಮ ಲೆಕ್ಕಪತ್ರ ವಿಭಾಗದ ಯಾರಾದರೂ ಅದನ್ನು ಪರಿಶೀಲಿಸಿದರೇ? ಸೊನ್ನೆ ಏಕೆಂದು ಒಂದು ವಾಕ್ಯದ ವಿವರಣೆಯನ್ನಾದರೂ ಲಗತ್ತಿಸಿದ್ದೀಯಾ? ಇಲ್ಲವೆಂದೇ ನನ್ನ ಊಹೆ. ಮಗೂ, ಮನೆಯ ಹಾಸಿಗೆಯ ನೀತಿ ಬೇರೆ, ಅನುದಾನದ ಹಾಸಿಗೆಯ ನೀತಿ ಬೇರೆ. ಇಲ್ಲಿ ಹಾಸಿಗೆ ಕೊಟ್ಟವರು ವರ್ಷಕ್ಕೊಮ್ಮೆ ಬಂದು ನೋಡುತ್ತಾರೆ. ಕಾಲು ಮಡಚಿ ಮಲಗಿದವನನ್ನು ಕಂಡರೆ, "ಈತನಿಗೆ ಇಷ್ಟೇ ಸಾಕು" ಎಂದು ಉಳಿದ ಹಾಸಿಗೆಯನ್ನು ಕತ್ತರಿಸಿಕೊಂಡು ಹೋಗುತ್ತಾರೆ. ಅದು ಅವರ ಕ್ರೌರ್ಯವಲ್ಲ. ಸರದಿಯಲ್ಲಿ ಹಾಸಿಗೆಯಿಲ್ಲದವರು ಬಹಳ ಜನ ನಿಂತಿರುತ್ತಾರೆ.

ಬಜೆಟ್ಟು ಎಂಬುದು ಕೊಡುವವನೂ ಪಡೆಯುವವನೂ ಪರಸ್ಪರ ಇತ್ತ ವಚನ. ಮಾತಿಗಿಂತ ಹೆಚ್ಚು ಖರ್ಚು ಮಾಡಿದರೆ ಹೇಗೆ ವಚನಭಂಗವೋ, ಕಾರಣ ಹೇಳದೆ ಕಡಿಮೆ ಮಾಡಿದರೂ ಹಾಗೆಯೇ. ಇದನ್ನು ನಮ್ಮ ಶಾಖೆಗೆ ಬರುತ್ತಿದ್ದ ಪ್ರಾಧ್ಯಾಪಕರಿಗೆಲ್ಲ ಹೇಳಿಹೇಳಿ ನನ್ನ ಗಂಟಲು ಸವೆದಿದೆ. ನೀನು ಆ ಕಡೆ ಒಮ್ಮೆಯೂ ಬಂದವನಲ್ಲ.

ಅವರಿಂದ ಪತ್ರ ಬರುವವರೆಗೆ ಸುಮ್ಮನಿರು. ಬಂದ ಕೂಡಲೇ ನನಗೆ ತಿಳಿಸು.

ಸದಾ ನಿನ್ನ ಶ್ರೇಯಸ್ಸನ್ನೇ ಕೋರುವ
ಅಕ್ಕ


ಮೇ ೨೭

ಪೂಜ್ಯ ಅಕ್ಕನಿಗೆ ನಮಸ್ಕಾರಗಳು.

ನೀನು ಹೇಳಿದ ಕತ್ತರಿ ಬಂತು. ಪತ್ರ ಬಹಳ ಸೌಜನ್ಯದಿಂದಿದೆ. ನನ್ನ ಕೈಯಲ್ಲಿ ಉಳಿದಿರುವ ಮೊತ್ತದಷ್ಟನ್ನೇ ಮೂರನೆಯ ವರ್ಷದ ಕಂತಿನಿಂದ ಕಳೆದಿದ್ದಾರೆ. ಕಳೆದದ್ದು ಯಾವುದರಿಂದ ಎನ್ನುತ್ತೀ? ಎಲ್ಲಕ್ಕಿಂತ ದೊಡ್ಡದಾದ ಸಂಬಳದ ಬಾಬ್ತಿನಿಂದ. ಈಗ ನನ್ನ ಸ್ಥಿತಿ ವಿಚಿತ್ರವಾಗಿದೆ. ಓಡಾಟದ ಬಾಬ್ತಿನಲ್ಲಿ ಹಣ ಕೊಳೆಯುತ್ತಿದೆ. ಹಲ್ಲಿಯ ಸಂಬಳಕ್ಕೆ ಅಕ್ಟೋಬರ್‌ವರೆಗೆ ಮಾತ್ರ ಇದೆ. ಒಂದರ ಹಣವನ್ನು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಅಳತೆ ಮಾರ್ಚಿಯವರೆಗೆ ನಡೆಯಲೇಬೇಕು. ನಡುವೆ ನಿಂತರೆ ಎರಡೂವರೆ ವರ್ಷದ ಹಾಳೆಗಳು ಬರೀ ಎಕ್ಸ್‌ರೇ ಹಾಳೆಗಳೇ.

ಪಕ್ಕದ ಕೋಣೆಯ ಪ್ರಾಧ್ಯಾಪಕರು ಅನುಭವಸ್ಥರು. ಬಾಗಿಲು ಮುಂದೆ ಮಾಡಿ ಕೂತು ಹೇಳಿದರು:

"ಅಲ್ರೀ, ಓಡಾಟದ ದುಡ್ಡು ಇದೆ ಅಂತೀರಿ. ನನಗೆ ಗೊತ್ತಿರೋ ಬಾಡಿಗೆ ಗಾಡಿಯವನು ಒಬ್ಬನಿದ್ದಾನೆ. ಹೋದ ಹಾಗೆ ಬಿಲ್ಲು ಕೊಡ್ತಾನೆ. ನೀವು ದುಡ್ಡು ಕೊಡಿ, ಅವನು ತನ್ನ ಪಾಲು ಇಟ್ಕೊಂಡು ಮಿಕ್ಕಿದ್ದನ್ನ ನಿಮ್ಮ ಕೈಗೇ ಕೊಡ್ತಾನೆ. ಅದರಲ್ಲಿ ಆ ಹುಡುಗಿಗೆ ಸಂಬಳ ಕೊಟ್ಕೊಳ್ಳಿ. ನಿಮ್ಮ ಜೇಬಿಗೇನು ಹೋಗಲ್ವಲ್ಲ!"

"ಹೋಗದೆ ಇರೋ ಗಾಡಿಗೆ ಬಿಲ್ಲಾ ಸಾರ್?"

"ಎರಡು ವರ್ಷ ನಡ್ಕೊಂಡು ಹೋಗಿದೀರಲ್ಲ, ಆ ಕಾಲಿನ ಬಾಡಿಗೆ ಅಂದ್ಕೊಳ್ಳಿ."

ಅಕ್ಕ, ಅವರು ಕೆಟ್ಟವರಲ್ಲ. ಯಾರ ಹಣವನ್ನೂ ಯಾರೂ ತಿನ್ನುವುದಿಲ್ಲ, ಹಲ್ಲಿಯ ಕೆಲಸ ಉಳಿಯುತ್ತದೆ, ಅಳತೆ ಪೂರ್ತಿಯಾಗುತ್ತದೆ. ನನ್ನ ಸ್ವಂತ ಹಣದಿಂದ ಸಂಬಳ ಕೊಡೋಣವೆಂದರೆ ಮಗನ ಕಾಲೇಜಿನ ವರ್ಷವಿದು. ಎರಡು ದಿನದಿಂದ ಇದೇ ಯೋಚನೆ. ಏನು ಮಾಡಲಿ, ಹೇಳು.

ನಿನ್ನ
ತಮ್ಮ


ಜೂನ್ ೬

ಚಿರಂಜೀವಿ ತಮ್ಮನಿಗೆ ಆಶೀರ್ವಾದಗಳು.

ಗಾಡಿಯವನ ಬಿಲ್ಲು ಬೇಡ. ಇದು ಆಜ್ಞೆಯೆಂದು ತಿಳಿ, ವಿವರಣೆ ಮುಂದಿದೆ.

ಹೋಗದ ಗಾಡಿಗೆ ಬಿಲ್ಲು ಬರೆಸುವುದು ಸುಳ್ಳೆಂದು ನಿನಗೇ ಗೊತ್ತು. ಗೊತ್ತಿಲ್ಲದಿದ್ದರೆ ನನ್ನನ್ನು ಕೇಳುತ್ತಲೇ ಇರಲಿಲ್ಲ. ಆದರೆ ನಿನಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ನೀನು ಕಳಿಸಿದ ಸೊನ್ನೆಯೂ ನಿಜವಲ್ಲ. ಓಡಾಟಕ್ಕೆ ಖರ್ಚಾಗಲಿಲ್ಲವೇ? ಆಯಿತು. ನಿನ್ನ ಸೈಕಲ್ಲಿನ ಚಕ್ರ ಸವೆಯಿತು, ಆ ಹೆಣ್ಣುಮಗಳ ಚಪ್ಪಲಿ ಸವೆಯಿತು, ಮನೆಯ ಏಣಿ ಮನೆಗಿಲ್ಲದಂತಾಯಿತು, ಹಾಳೆ ತೊಳೆದ ನಿನ್ನ ರಜಾದಿನಗಳು ಹೋದವು. ಆ ಖರ್ಚನ್ನು ನೀನು ಉಳಿಸಲಿಲ್ಲ, ಮುಚ್ಚಿಟ್ಟೆ. ಕೆಲಸವು ತನಗೆ ತಗಲುವುದಕ್ಕಿಂತ ಅಗ್ಗವೆಂದು ತೋರಿಸಿದೆ.

ನಮ್ಮ ಶಾಖೆಯಲ್ಲಿ ನಡೆದ ಒಂದು ವೃತ್ತಾಂತವನ್ನು ಹೇಳುತ್ತೇನೆ. ಕೆರೆಯ ಜೀವಿಗಳನ್ನು ಅಭ್ಯಾಸ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು; ಸಾಧುಪುರುಷರು. ಭಾವಮೈದುನನ ದೋಣಿಯನ್ನು ಬಿಟ್ಟಿಯಾಗಿ ಪಡೆದು ವರ್ಷಗಟ್ಟಲೆ ತಾವೇ ಹುಟ್ಟು ಹಾಕಿದರು. ದೋಣಿಯ ಬಾಬ್ತಿನಲ್ಲಿ ಒಂದು ದಿನವೂ ಏನನ್ನೂ ಬರೆಯಲಿಲ್ಲ. ಅವರು ನಿವೃತ್ತರಾದ ಮೇಲೆ ಅದೇ ಕೆಲಸವನ್ನು ಕೈಗೆತ್ತಿಕೊಂಡ ತರುಣಿ ದೋಣಿಗೆ ಹಣ ಕೇಳಿದಳು. "ಹಿಂದಿನವರಿಗೆ ಬೇಡವಾದದ್ದು ನಿಮಗೇಕೆ?" ಎಂದು ಉತ್ತರ ಬಂತು. ಆಕೆ ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, "ಅಮ್ಮಾ, ಅವರೇನು ನೀರಿನ ಮೇಲೆ ನಡೀತಿದ್ರಾ?" ಎಂದಳು. ಶಾಖೆಯೆಲ್ಲ ನಕ್ಕಿತು. ಆಕೆ ನಗಲಿಲ್ಲ.

ದೇವರ ಮುಂದಿನ ದೀಪಕ್ಕೆ ಹಾಕಿದ ಎಣ್ಣೆಯ ಲೆಕ್ಕ ಬರೆಯಬಾರದು, ಅದು ಭಕ್ತಿ ಎನ್ನುವವರಿದ್ದಾರೆ. ಬರೆಯಬೇಕೆಂದು ನನ್ನ ಮತ. ಬರೆಯದಿದ್ದರೆ ಮುಂದೆ ದೀಪ ಹಚ್ಚಲು ಬರುವವನಿಗೆ ದೀಪ ಎಣ್ಣೆಯಿಲ್ಲದೆ ಉರಿಯುತ್ತದೆಂದು ಹೇಳಿಕಳಿಸುತ್ತಾರೆ.

ಇನ್ನು ದಾರಿ. ಓಡಾಟ ಮತ್ತು ಸಾಮಗ್ರಿಗಳ ಬಾಬ್ತಿನಲ್ಲಿರುವ ಹಣವನ್ನು ಸಂಬಳದ ಬಾಬ್ತಿಗೆ ವರ್ಗಾಯಿಸಲು ಅನುಮತಿ ಕೇಳಿ ನಿಧಿಸಂಸ್ಥೆಗೆ ಒಂದು ಮನವಿ ಬರೆ. ಅದು ಅವರ ಪರಿಶೀಲನಾ ಸಮಿತಿಯ ಮುಂದೆ ಹೋಗುತ್ತದೆ. ಗೋಳು ಬೇಡ, ಹೊಗಳಿಕೆ ಬೇಡ. ಎರಡು ವರ್ಷ ಯಾವ ಗೋಡೆಗೆ ಹೇಗೆ ಹೋದಿರಿ, ಏನನ್ನು ಯಾರು ಬಿಟ್ಟಿಯಾಗಿ ಕೊಟ್ಟರು, ಒಂದು ಹಾಳೆ ಬರೆಯಲು ಆಕೆಗೆ ಎಷ್ಟು ಹೊತ್ತು ಬೇಕು, ಆಕೆಯಿಲ್ಲದಿದ್ದರೆ ಏನು ನಿಲ್ಲುತ್ತದೆ — ಇಷ್ಟನ್ನೂ ಇದ್ದದ್ದು ಇದ್ದ ಹಾಗೆ ಬರೆ. ಒಪ್ಪುವರೆಂಬ ಭರವಸೆ ನಾನು ಕೊಡಲಾರೆ. ಸಂಬಳದ ಬಾಬ್ತನ್ನು ಹಿಗ್ಗಿಸಲು ಸಮಿತಿಗಳು ಸುಲಭವಾಗಿ ಒಪ್ಪುವುದಿಲ್ಲ.

ನಿನ್ನ
ಅಕ್ಕ


ಜೂನ್ ೨೩

ಪೂಜ್ಯ ಅಕ್ಕನಿಗೆ ನಮಸ್ಕಾರಗಳು.

ಮನವಿಯ ಕರಡನ್ನು ಇದರೊಂದಿಗೆ ಇಟ್ಟಿದ್ದೇನೆ. ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸು. ಹೊಡೆದುಹಾಕುವುದನ್ನು ಧಾರಾಳವಾಗಿ ಹೊಡೆದುಹಾಕು. ಬರೆಯಲು ಕುಳಿತಾಗ, ನಾವು ಎಲ್ಲಿಗೆಲ್ಲ ನಡೆದಿದ್ದೇವೆಂಬುದು ನನಗೇ ಆಶ್ಚರ್ಯವಾಯಿತು. ಹಲ್ಲಿಯನ್ನು ಕೇಳಿ ಕೇಳಿ ಬರೆದೆ. "ರೈಲ್ವೆ ಗೋಡೆಗೆ ಹೋದಾಗ ನಾಯಿ ಅಟ್ಟಿಸ್ಕೊಂಡು ಬಂತಲ್ಲ ಸಾರ್, ಆಗ ನೀವು ಓಡಿದ್ದು ಯಾವ ಬಾಬ್ತು?" ಎಂದಳು.

ಅಕ್ಕ, ನೀನು ಇಷ್ಟೆಲ್ಲ ತಿಳಿದವಳು. ಇಷ್ಟು ವರ್ಷ ನನಗೆ ಏಕೆ ಹೇಳಲಿಲ್ಲ?

ಇನ್ನೊಂದು ಮಾತು. ನೀರಿನ ಟ್ಯಾಂಕಿನ ಹಿಂದಿನ ಗೋಡೆಯ ಬುಡದಲ್ಲಿ ಹಳೆಯ ಬರಹದ ಕಲ್ಲೊಂದಿದೆ. ಅಕ್ಷರಗಳ ಮೇಲೆ ಕಿತ್ತಳೆ ಬಣ್ಣದ ದೊಡ್ಡ ಕಲ್ಲುಹೂವು ಹಬ್ಬಿದೆ. "ಉಜ್ಜಿ ನೋಡೋಣ್ವಾ ಸಾರ್?" ಎಂದಳು ಹಲ್ಲಿ. ಅದು ನಮ್ಮ ಅಳತೆಯ ಹೂವು, ಮುಟ್ಟಬೇಡವೆಂದೆ. ಆಗ ನಿನ್ನ ನೆನಪಾಯಿತು. ನೀನು ಓದುತ್ತಿದ್ದಾಗ ಗುರುಗಳೊಂದಿಗೆ ಶಾಸನದ ಕಲ್ಲುಗಳನ್ನು ಹುಡುಕಿಕೊಂಡು ಹೋಗುತ್ತಿದ್ದೆಯಲ್ಲ, ಗಡುಸು ಬ್ರಷ್ಷೊಂದನ್ನು ಚೀಲದಲ್ಲಿಟ್ಟುಕೊಂಡು! ನೀನು ಉಜ್ಜಿ ತೆಗೆಯುತ್ತಿದ್ದುದನ್ನೇ ನಾನಿಂದು ಕಾಪಾಡಿ ಅಳೆಯುತ್ತಿದ್ದೇನೆ.

ಬೇಗ ಬರೆ.

ನಿನ್ನ
ತಮ್ಮ


ಜುಲೈ ೪

ಚಿರಂಜೀವಿ ತಮ್ಮನಿಗೆ,

ನಿನ್ನ ಲಕೋಟೆಯನ್ನು ಬಿಚ್ಚದೆ ಹಿಂದಕ್ಕೆ ಕಳಿಸುತ್ತಿದ್ದೇನೆ. ನಾನಾಗಿ ಬರೆಯುವವರೆಗೆ ನನಗೆ ಪತ್ರ ಬರೆಯಬೇಡ, ಫೋನನ್ನೂ ಮಾಡಬೇಡ. ಮನವಿಯನ್ನು ನಿನ್ನ ಬುದ್ಧಿಗೆ ತೋಚಿದಂತೆ ಕಳಿಸು. ಕಾರಣ ಕೇಳಬೇಡ. ಇದನ್ನು ಕೋಪವೆಂದು ತಿಳಿಯಬಾರದು.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಅಕ್ಕ


ಆಗಸ್ಟ್ ೨೧

ಪೂಜ್ಯ ಅಕ್ಕನಿಗೆ,

ಬರೆಯಬೇಡವೆಂದರೂ ಬರೆಯುತ್ತಿದ್ದೇನೆ. ಬಿಚ್ಚದಿದ್ದರೆ ಬಿಡು, ಹಿಂದಕ್ಕೆ ಮಾತ್ರ ಕಳಿಸಬೇಡ. ಬಾಗಿಲು ತಟ್ಟಿದವನನ್ನು ಮೆಟ್ಟಿಲಿನಿಂದ ಇಳಿಸಿದಂತಾಗುತ್ತದೆ. ನಾನೇನು ತಪ್ಪು ಬರೆದೆನೆಂದು ಬಹಳ ಯೋಚಿಸಿದೆ. ಗಾಡಿಯ ಬಿಲ್ಲಿನ ಯೋಚನೆ ಮಾಡಿದ್ದೇ ನೋಯಿಸಿತೇ?

ಮನವಿಯನ್ನು ನೀನು ತಿದ್ದದ ಹಾಗೆಯೇ ಕಳಿಸಿದೆ. ಉತ್ತರವಿಲ್ಲ.

ಹೋದ ವಾರ ಪಕ್ಕದ ಕೋಣೆಯವರು ಗಾಡಿಯವನನ್ನು ಕರೆದುಕೊಂಡೇ ಬಂದರು. ಅವನು ಬಿಲ್ಲಿನ ಪುಸ್ತಕವನ್ನು ಮೇಜಿನ ಮೇಲಿಟ್ಟು, ಎಂಜಲು ಹಚ್ಚಿ ಹಾಳೆ ತಿರುಗಿಸಿ, "ಯಾವ ತಾರೀಕು ಹಾಕ್ಲಿ ಸಾರ್? ಎಲ್ಲಿಂದ ಎಲ್ಲಿಗೆ?" ಎಂದ. ನಿಜ ಹೇಳುತ್ತೇನೆ, ನೀನು ಮಾತು ಬಿಟ್ಟ ಸಿಟ್ಟು ನನ್ನಲ್ಲಿತ್ತು. ಅಕ್ಕನ ನೀತಿಯೂ ಬೇಡ, ಅಕ್ಕನೂ ಬೇಡ ಎನಿಸಿತ್ತು. ಟ್ಯಾಂಕಿನ ಗೋಡೆ ಎಂದೆ. ಏಪ್ರಿಲ್ಲಿನ ಒಂದು ತಾರೀಕನ್ನೂ ಹೇಳಿದೆ.

ಹೇಳಿದ ಮೇಲೆ ಆ ದಿನ ಕಣ್ಣ ಮುಂದೆ ಬಂತು. ಉರಿಬಿಸಿಲು, ಏಣಿಯ ಒಂದು ತುದಿ ನನ್ನ ಹೆಗಲ ಮೇಲೆ, ಇನ್ನೊಂದು ಹಲ್ಲಿಯ ಹೆಗಲ ಮೇಲೆ. ಟ್ಯಾಂಕಿನ ಕಾವಲುಗಾರ ನಲ್ಲಿ ತಿರುಗಿಸಿ ಬೊಗಸೆಗೆ ನೀರು ಬಿಟ್ಟಿದ್ದ. "ಸಾರ್, ನಾವಿಬ್ರು ಏಣಿ ಕದ್ಕೊಂಡು ಹೋಗೋರ ಹಾಗೆ ಕಾಣ್ತೀವಿ," ಎಂದು ಅವಳು ಅಂದು ಬಿದ್ದು ಬಿದ್ದು ನಕ್ಕಿದ್ದಳು. ಆ ದಿನ ಗಾಡಿಯಲ್ಲಿ ಹೋದೆವೆಂದು ಬರೆದರೆ ನಮ್ಮ ನಡಿಗೆಯನ್ನು ಎರಡನೆಯ ಸಲ ಅಳಿಸಿದಂತೆ. ಮೊದಲ ಸಲ ಅಳಿಸಿದ್ದು ನನ್ನ ಸೊನ್ನೆ.

"ಬೇಡಪ್ಪ, ಆ ದಿನ ನಾವು ನಡ್ಕೊಂಡು ಹೋಗಿದ್ವಿ," ಎಂದೆ.

"ಅದು ನನಗೂ ಗೊತ್ತು ಸಾರ್," ಎಂದು ಅವನು ಪುಸ್ತಕ ಮುಚ್ಚಿದ. ಪಕ್ಕದ ಕೋಣೆಯವರು ಈಗ ನನ್ನನ್ನು ಕಂಡರೆ, "ಸತ್ಯಸಂಧರ ಸವಾರಿ ಎಲ್ಲಿಗೋ?" ಎನ್ನುತ್ತಾರೆ.

ಆ ಸಂಜೆಯೇ ಹಲ್ಲಿಗೆ ವಿಷಯ ತಿಳಿಸಿದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಸಂಬಳ ಇಲ್ದಿದ್ರೂ ಬರ್ತೀನಿ ಅಂತ ಹೇಳ್ತೀನಿ ಅಂದ್ಕೊಂಡ್ರಾ ಸಾರ್?"

"ಇಲ್ಲ."

"ಹೇಳಲ್ಲ. ಮನೇಲಿ ಅಮ್ಮ ಇದಾಳೆ, ಮಾತ್ರೆ ಖರ್ಚು ಇದೆ. ಅಕ್ಟೋಬರ್ ತನಕ ಅಚ್ಚುಕಟ್ಟಾಗಿ ಮಾಡ್ತೀನಿ. ಆಮೇಲೆ ಬೋರ್ಡು ಬರೆಯೋಕೆ ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ."

ಬೇಸರವಾಗಲಿಲ್ಲ ಅಕ್ಕ. ಅವಳು ತನ್ನ ಲೆಕ್ಕವನ್ನು ಮುಚ್ಚಿಡಲಿಲ್ಲ ಎನಿಸಿತು.

ತಮ್ಮ


ಅಕ್ಟೋಬರ್ ೩

ಪೂಜ್ಯ ಅಕ್ಕನಿಗೆ,

ಇದು ಹಲ್ಲಿಯ ಕೊನೆಯ ತಿಂಗಳು. ಸಮಿತಿಯ ಸುದ್ದಿಯಿಲ್ಲ. ಅವಳು ಎಂದಿನಂತೆ ಏಣಿಯ ಮೇಲಿರುತ್ತಾಳೆ, ನಾನು ಕೆಳಗೆ ಹಿಡಿದು ನಿಂತಿರುತ್ತೇನೆ. ಹಿಡಿದು ನಿಂತವನಿಗೆ ಯೋಚಿಸುವುದಲ್ಲದೆ ಬೇರೆ ಕೆಲಸವಿಲ್ಲ.

ನನ್ನ ಯೋಚನೆಯೆಲ್ಲ ನಿನ್ನದೇ. ಅಮ್ಮ ತೀರಿಹೋದ ವರ್ಷ ನೀನೊಂದು ಸಂಜೆ ಮನೆಗೆ ಬಂದೆ. ಕೈಯೆಲ್ಲ ಬೂದು ಪುಡಿಯಾಗಿತ್ತು. ಆ ಬ್ರಷ್ಷನ್ನು ತೊಳೆದು ಗೂಡಿನಲ್ಲಿಟ್ಟೆ. ಮರುವಾರದಿಂದ ಅನುದಾನ ಶಾಖೆಯ ಕೆಲಸಕ್ಕೆ ಹೊರಟೆ. ಏಕೆಂದು ಕೇಳಿದ್ದಕ್ಕೆ, "ಕಲ್ಲು ಓದಿ ಓದಿ ಬೇಜಾರಾಯ್ತು ಕಣೋ," ಎಂದೆ. ನಾನು ಸ್ಕೂಲಿನ ಹುಡುಗ, ನಂಬಿದೆ. ದೊಡ್ಡವನಾದ ಮೇಲೂ ನಂಬಿಕೊಂಡೇ ಇದ್ದೆ, ಅನುಕೂಲವಾಗಿತ್ತು. ನನ್ನ ಫೀಜು, ನನ್ನ ಹಾಸ್ಟೆಲ್ಲು, ನನ್ನ ಪುಸ್ತಕ, ಯಾವುದಕ್ಕೂ ನೀನು "ಏನೂ ಖರ್ಚಾಗಲಿಲ್ಲ ಬಿಡು" ಎನ್ನುತ್ತಿದ್ದೆ.

ಕೆಲಸವನ್ನು ಅಗ್ಗವೆಂದು ತೋರಿಸಿದೆ ಎಂದು ನನ್ನನ್ನು ಬೈದೆಯಲ್ಲ. ಆ ವಿದ್ಯೆ ನನಗೆ ಎಲ್ಲಿಂದ ಬಂತು ಅಕ್ಕ?

ತಮ್ಮ


ಅಕ್ಟೋಬರ್ ೨೨

ಚಿರಂಜೀವಿ ತಮ್ಮನಿಗೆ ಅನಂತ ಆಶೀರ್ವಾದಗಳು.

ಸಮಿತಿಯ ನಿರ್ಣಯಗಳು ನಿನ್ನೆ ಪ್ರಕಟವಾದವು. ಆದ್ದರಿಂದ ಇಂದು ಬೆಳಗ್ಗೆ ದೀಪ ಹಚ್ಚಿ ಕೈಮುಗಿದು, ನಿನ್ನ ಎರಡು ಪತ್ರಗಳನ್ನು ಬಿಚ್ಚಿ ಓದಿದೆ. ಈಗ ಕಾರಣವನ್ನು ಹೇಳುವ ಸ್ವಾತಂತ್ರ್ಯ ನನಗಿದೆ.

ಜೂನ್ ಕೊನೆಯ ವಾರದಲ್ಲಿ ನಿಧಿಸಂಸ್ಥೆಯವರು ನನ್ನನ್ನು ಪರಿಶೀಲನಾ ಸಮಿತಿಯ ಸದಸ್ಯೆಯಾಗಿ ಕರೆದರು. ನಿವೃತ್ತರಾದ ಲೆಕ್ಕಾಧಿಕಾರಿಗಳನ್ನು ಅವರು ಹೀಗೆ ಕರೆಯುವುದುಂಟು. ಒಪ್ಪಿದ ಮೇಲೆ ಅನುದಾನ ಪಡೆದವರ ಪಟ್ಟಿ ಬಂತು, ಅದರಲ್ಲಿ ನಿನ್ನ ಹೆಸರಿತ್ತು. ಸದಸ್ಯರು ಯಾರೆಂಬುದನ್ನು ನಿರ್ಣಯದವರೆಗೆ ಹೊರಗೆ ಹೇಳಬಾರದೆಂಬುದು ಕಟ್ಟಳೆ. ಆದ್ದರಿಂದ ನಿನಗೆ ಕಾರಣ ಹೇಳುವಂತಿರಲಿಲ್ಲ. ಸಮಿತಿಗೆ ಮಾತ್ರ, "ಈತ ನನ್ನ ತಮ್ಮ, ನಾನೇ ಬೆಳೆಸಿದವನು, ಜೂನಿನಲ್ಲಿ ಪತ್ರ ಬರೆದು ದಾರಿಯನ್ನೂ ಹೇಳಿದ್ದೇನೆ," ಎಂದು ಮೊದಲ ದಿನವೇ ಲಿಖಿತವಾಗಿ ತಿಳಿಸಿದೆ. ನಿನ್ನ ಮನವಿಯ ಸರದಿ ಬಂದಾಗ ಎದ್ದು ಹೊರಗೆ ಹೋಗಿ ಮೊಗಸಾಲೆಯ ಬೆಂಚಿನ ಮೇಲೆ ಕುಳಿತೆ. ಬಾಗಿಲಿನ ಆಚೆಯಿಂದ ಮಾತು ಕೇಳಿಸುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಒಮ್ಮೆ ಎಲ್ಲರೂ ಗಟ್ಟಿಯಾಗಿ ನಕ್ಕರು. ನಾಯಿ ಅಟ್ಟಿಸಿಕೊಂಡು ಬಂದದ್ದನ್ನೂ ಮನವಿಯಲ್ಲಿ ಬರೆದಿದ್ದೆಯಂತೆ, ಆಮೇಲೆ ತಿಳಿಯಿತು. ಅಷ್ಟು ಹೊತ್ತು ನಾನು ಪಠಿಸಿದ ನಾಮಗಳನ್ನು ಯಾವ ಬಾಬ್ತಿಗೆ ಹಾಕಬೇಕೋ ಭಗವಂತನೇ ಬಲ್ಲ.

ನಿರ್ಣಯ ನಿನ್ನ ಕೈಸೇರಿರಬಹುದು. ವರ್ಗಾವಣೆಗೆ ಒಪ್ಪಿಗೆಯಿದೆ. ಆದರೆ ಇನ್ನು ಮುಂದೆ ಬಿಟ್ಟಿಯಾಗಿ ಬಂದದ್ದನ್ನೂ ಬಿಟ್ಟಿಯೆಂದು, ಅದರ ಬೆಲೆಸಹಿತ, ತಖ್ತೆಯಲ್ಲಿ ತೋರಿಸತಕ್ಕದ್ದು. ಹಾಳೆಗಳನ್ನೂ ಭದ್ರವಾದ ಒಂದು ಏಣಿಯನ್ನೂ ಕೊಂಡೇ ತೀರತಕ್ಕದ್ದು. ಅವನ್ನು ಕೊಂಡ ಮೇಲೆ ಉಳಿಯುವ ಹಣ ಆಕೆಯ ಸಂಬಳಕ್ಕೆ ಫೆಬ್ರವರಿ ಕೊನೆಯವರೆಗೆ ಮಾತ್ರ ಸಾಕು. ಮಾರ್ಚಿಯ ಅಳತೆಗೆ ಸಾಲದು.

ನಿನ್ನ ಎರಡು ಪ್ರಶ್ನೆಗಳು ಬಾಕಿಯಿವೆ. ಮೊದಲನೆಯದು ನನ್ನ ಊಹೆ. ಹಿಂದಕ್ಕೆ ಕಳಿಸಿದ ಲಕೋಟೆಯಲ್ಲಿದ್ದುದು ಏನೆಂದು ತಿಳಿಯದು. ಇಷ್ಟೆಲ್ಲ ತಿಳಿದವಳು ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿರಬಹುದೆಂದು ಎಣಿಸಿದ್ದೇನೆ. ನೀನು ನನ್ನ ಕೆಲಸದ ಬಗ್ಗೆ ಎಂದೂ ವಿಚಾರಿಸಲಿಲ್ಲ. ಕೇಳದವರಿಗೆ ಲೆಕ್ಕ ಒಪ್ಪಿಸುವ ಪದ್ಧತಿ ಇಲ್ಲ.

ಎರಡನೆಯದು. ಕಲ್ಲು ಓದಿ ಬೇಸರವಾಯಿತೆಂದು ನಾನು ಅಂದದ್ದು ನಿಜವಲ್ಲ. ಇಷ್ಟು ಸಾಕು. ಭಗವಂತನು ನನ್ನನ್ನು ಒಂದು ಬಾಬ್ತಿನಿಂದ ಇನ್ನೊಂದಕ್ಕೆ ವರ್ಗಾಯಿಸಿದನೆಂದೇ ನಾನು ತಿಳಿದುಕೊಂಡಿದ್ದೇನೆ. ಆತನಿಗೆ ಯಾವ ಸಮಿತಿಯ ಅನುಮತಿಯೂ ಬೇಕಿಲ್ಲ.

ಮಾರ್ಚಿಯಲ್ಲಿ ನೀನೇ ಏಣಿ ಹತ್ತು. ಕೆಳಗೆ ಹಿಡಿಯಲು ನಾನು ಬರುತ್ತೇನೆ, ನನ್ನ ಸ್ವಂತ ಖರ್ಚಿನಲ್ಲಿ. ಆದರೆ ಹಿಡಿದವರು ಯಾರೆಂಬುದನ್ನು ತಖ್ತೆಯಲ್ಲಿ ಬರೆಯತಕ್ಕದ್ದು.

ನಿನ್ನ
ಅಕ್ಕ


ಮಾರ್ಚಿ ೨೯

ಪೂಜ್ಯ ಅಕ್ಕನಿಗೆ ನಮಸ್ಕಾರಗಳು.

ಸುಖವಾಗಿ ತಲುಪಿದೆಯೆಂದು ತಿಳಿಯಿತು. ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ನನ್ನ ಮನೆಯಾಕೆ, "ಇನ್ನೆರಡು ದಿನ ಇದ್ದಿದ್ರೆ ಅಕ್ಕನ ಹತ್ರ ಮನೆ ಬಜೆಟ್ಟೂ ಮಾಡಿಸ್ಕೋಬಹುದಿತ್ತು," ಎನ್ನುತ್ತಾಳೆ.

ಹಲ್ಲಿ ಹೊಸ ಕೆಲಸದಿಂದ ಭಾನುವಾರ ಬಂದು ನನ್ನ ಹಾಳೆಗಳನ್ನು ನೋಡಿದಳು. "ಕೈ ನಡುಗಿಸಿದೀರಲ್ಲ ಸಾರ್! ಈ ಹೂವು ಒಂದೇ ತಿಂಗಳಲ್ಲಿ ಬಸುರಿ ಆದ ಹಾಗಿದೆ," ಎಂದಳು. ತನ್ನ ಹಳೆಯ ಹಾಳೆಗಳ ಮೇಲಿಟ್ಟು ನೋಡಿ, ಒಂದನ್ನು ಬಿಟ್ಟು ಉಳಿದವೆಲ್ಲ ಸರಿಯೆಂದು ಒಪ್ಪಿದಳು. ಆ ಒಂದನ್ನು ಮರುದಿನವೇ ಹೋಗಿ ಮತ್ತೆ ಬರೆದೆ. ಸರ ಹರಿಯಲಿಲ್ಲ ಅಕ್ಕ. ಮೂರು ವರ್ಷ ಪೂರ್ತಿಯಾಯಿತು.

ನೀನು ಏಣಿಗೆ ಒಂದು ಕೈ ಕೊಟ್ಟು, ಟ್ಯಾಂಕಿನ ಗೋಡೆಯ ಬುಡದ ಕಲ್ಲಿನ ಕಡೆ ಬಾಗಿ ಓದುತ್ತಿದ್ದುದು ಕಣ್ಣ ಮುಂದೆಯೇ ಇದೆ. ಉಜ್ಜಬೇಕೆನಿಸಿತೇ ಎಂದು ನಾನು ಮೇಲಿನಿಂದ ಕೇಳಿದೆ. "ಸುಮ್ನೆ ಬರಿಯೋ, ಬೀಳ್ತೀಯ," ಎಂದೆ. ಗೋಡೆ ಕಟ್ಟಿಸಿದವನ ಹೆಸರು ಹೂವಿನಡಿ ಮುಚ್ಚಿಹೋಗಿದೆ, ಕಲ್ಲು ಹೊತ್ತವರಿಗೆ ಅಳೆದುಕೊಟ್ಟ ಧಾನ್ಯದ ಸಾಲು ಮಾತ್ರ ಓದಲು ಬರುತ್ತದೆ ಎಂದು ಇಳಿದ ಮೇಲೆ ಹೇಳಿದೆಯಲ್ಲ, ಅದನ್ನು ನನ್ನ ವರದಿಯ ಟಿಪ್ಪಣಿಯಲ್ಲಿ ಸೇರಿಸಿದ್ದೇನೆ, ಓದಿದವರ ಹೆಸರಿನೊಂದಿಗೆ.

ಕೊನೆಯ ತಖ್ತೆ ಸಿದ್ಧವಾಗಿದೆ. ಬಿಟ್ಟಿಯಾಗಿ ಬಂದ ಸಹಾಯದ ಅಂಕಣದಲ್ಲಿ, "ಏಣಿ ಹಿಡಿದವರು: ಸಂಶೋಧಕನ ಅಕ್ಕ" ಎಂದು ಬರೆಸಿದೆ. ಲೆಕ್ಕಪತ್ರ ವಿಭಾಗದವರು, "ಇದಕ್ಕೆ ಬೆಲೆ ಎಷ್ಟು ಅಂತ ಹಾಕೋಣ ಸಾರ್?" ಎಂದರು. ಏನು ಬರೆದರೂ ಕಡಿಮೆಯೆನಿಸಿತು. ಆ ಜಾಗವನ್ನು ಖಾಲಿ ಬಿಟ್ಟು ಬಂದಿದ್ದೇನೆ.

ಎಷ್ಟೆಂದು ಬರೆಯಲಿ ಅಕ್ಕ?

ನಿನ್ನ
ತಮ್ಮ


ಏಪ್ರಿಲ್ ೫

ಚಿರಂಜೀವಿ ತಮ್ಮನಿಗೆ ಆಶೀರ್ವಾದಗಳು.

ತಖ್ತೆಯಲ್ಲಿ ಖಾಲಿ ಜಾಗ ಬಿಡಬಾರದು. ನಿಮ್ಮ ಪೇಟೆಯಲ್ಲಿ ಏಣಿ ಹಿಡಿಯುವವರಿಗೆ ದಿನಕ್ಕೆ ಏನು ಕೊಡುತ್ತಾರೆಂದು ವಿಚಾರಿಸಿ ಅಷ್ಟನ್ನೇ ಬರೆ. ಹೆಚ್ಚು ಬೇಡ, ಕಡಿಮೆಯೂ ಬೇಡ.

ಮಧ್ಯಾಹ್ನದ ಮೇಲೆ ನಾನು ಏಣಿ ಬಿಟ್ಟು ಕಲ್ಲಿನ ಮುಂದೆ ಕುಳಿತುಬಿಟ್ಟೆ. ಆದ್ದರಿಂದ ಅರ್ಧ ದಿನದ್ದು.

ನಿನ್ನ
ಅಕ್ಕ